ರೀಲಿನ ಸ್ಪ್ರಿಂಗು

ಕೂದಲೆಳೆಯಂಥ ಸ್ಪ್ರಿಂಗು ಚಿಮಟದಿಂದ ಜಾರಿ ಮತ್ತೆ ಅಡುಗೆಮನೆಯ ಮೇಜಿನ ಮೇಲೆ ಬಿತ್ತು. ಗಾಳದ ರೀಲಿನ ಹಿಡಿ ಹಿಂದಕ್ಕೂ ತಿರುಗುತ್ತಿತ್ತು; ಒಳಗಿನ ಸ್ಪ್ರಿಂಗು ಮುರಿದದ್ದೇ ಕಾರಣವೆಂದು ಬಿಚ್ಚಿದ ಕೂಡಲೇ ಟೋರ್ಲೈಫನಿಗೆ ತಿಳಿದಿತ್ತು. ಹೊಸದನ್ನು ಕೂರಿಸುವುದಷ್ಟೇ ಬಾಕಿ.

"ಕೊಡಿಲ್ಲಿ, ನಾನು ನೋಡ್ತೀನಿ," ಎಂದಳು ಹೆಂಡತಿ ಗುನ್ವೋರ್.

"ನೀನು ನಿನ್ನ ಹೆಣಿಗೆ ನೋಡ್ಕೋ. ಚಳಿಗೆ ಬೆರಳು ಮರಗಟ್ಟಿದೆ, ಅಷ್ಟೆ."

"ಒಲೆ ಪಕ್ಕದಲ್ಲೇ ಕೂತ್ಕೊಂಡು ಚಳಿನಾ?"

ಅವನು ಮತ್ತೆ ಚಿಮಟ ಎತ್ತಿದ. ಅದರ ತುದಿ ರೀಲಿನ ಅಂಚಿಗೆ ಟಕಟಕನೆ ಬಡಿಯತೊಡಗಿತು. ಇಬ್ಬರೂ ಆ ಸದ್ದು ಕೇಳುತ್ತ ಕೂತರು. ಕೊನೆಗೆ ಅವನು ಚಿಮಟವನ್ನು ಅವಳ ಕೈಗಿಟ್ಟು, ಸ್ಪ್ರಿಂಗು ಕೂರುವ ಜಾಗ ತೋರಿಸಿದ. ಅವಳು ಒಂದೇ ಸಲಕ್ಕೆ ಕೂರಿಸಿದಳು.

ಟೋರ್ಲೈಫ್ ಹಿಡಿ ತಿರುಗಿಸಿ ನೋಡಿದ. ಸರಿಯಾಗಿತ್ತು.

"ಡಾಕ್ಟರಿಗೆ ಫೋನ್ ಮಾಡು," ಎಂದ. "ಈ ನಡುಕ ಬೇಸಿಗೆಯಿಂದಲೂ ಇದೆ."