ಉಳಿದ ನೀರು

ತೋಟದಲ್ಲಿ ಹನಿ ನೀರಾವರಿಯ ಪೈಪು ನೋಡುತ್ತಿದ್ದ ವರ್ಗೀಸನಿಗೆ ಮೋಟಾರು ನಿಂತದ್ದು ಕೇಳಿತು. ಕರೆಂಟು ಹೋಯಿತೆಂದುಕೊಂಡು, ಕೆಳಗೆ ಹರಿಯುವ ತೋಡಿನ ಬದಿಗೆ ಇಳಿದ. ಪಂಪು ಶೆಡ್ಡಿನ ಬಾಗಿಲಲ್ಲಿ, ತೋಡಿನ ಕೆಳಭಾಗದ ಮನೆಯ ಶೀಲಾವತಿ ನಿಂತಿದ್ದಳು. ಅವಳ ಕೈ ಇನ್ನೂ ಸ್ಟಾರ್ಟರಿನ ಮೇಲಿತ್ತು.

“ನಾನೇ ಬಂದ್ ಮಾಡಿದ್ದು. ಬಾವಿಯಲ್ಲಿ ಬರೀ ಕೆಸರು ಬರ್ತಾ ಉಂಟು. ಮಗಳು ಭವಿತಾಳಿಗೆ ಹೆರಿಗೆ ಆಗಿ ವಾರ ಆಗಿಲ್ಲ. ಬಾಣಂತಿಗೆ ಮೀಯಲಿಕ್ಕೆ ನಾನು ಎಂತ ಕೊಡುದು ವರ್ಗೀಸಣ್ಣ?”

ಮಾತು ಕೇಳಿ ವರ್ಗೀಸನ ಹೆಂಡತಿ ತ್ರೇಸ್ಯಾಮ್ಮ ಅಂಗಳದಿಂದ ಇಳಿದು ಬಂದಳು. ನೆಲ್ಯಾಡಿಯ ಮಗಳ ಮನೆಯಲ್ಲಿ ತುಂಬ ದಿನ ಇದ್ದು ನಿನ್ನೆಯಷ್ಟೇ ಮರಳಿದ್ದಳು. ಹೋಗುವ ಮೊದಲು, ಈ ಬೇಸಿಗೆಗೆ ಬಾವಿ ಬತ್ತುವುದಿಲ್ಲ ಎಂದು ಶೀಲಾವತಿಗೆ ಮಾತು ಕೊಟ್ಟವಳು ಅವಳೇ. ಆಗ ಪೈಪುಗಳಲ್ಲಿ ಒತ್ತಡ ಹದದಲ್ಲಿರಲಿಲ್ಲ. ತಗ್ಗಿನ ಸಾಲುಗಳಲ್ಲಿ ಡ್ರಿಪ್ಪರುಗಳು ಕಿತ್ತು ಹಾರಿ ನೀರು ಸಾಲುಗಳ ನಡುವಿನ ಕಣಿಗೆ ಹರಿಯುತ್ತಿತ್ತು. ಎತ್ತರದ ಸಾಲುಗಳಿಗೆ ತಲುಪುತ್ತಲೇ ಇರಲಿಲ್ಲ. ಅದಕ್ಕೆಂದು ಮೋಟಾರು ಮಧ್ಯಾಹ್ನದವರೆಗೂ ಓಡುತ್ತಿತ್ತು. ಒತ್ತಡ ಸರಿಮಾಡಿಸಿದರೆ ಅರ್ಧ ನೀರು ಸಾಕು, ಉಳಿದದ್ದು ತೋಡಿನಲ್ಲೇ ನಿಂತು ನಿಮ್ಮ ಬಾವಿಗೆ ಇಳಿಯುತ್ತದೆ ಎಂದು ಬಸುರಿ ಭವಿತಾಳ ಎದುರೇ ಹೇಳಿ ಬಂದಿದ್ದಳು. ಅವಳು ಮಗಳ ಮನೆಗೆ ಹೋದ ಮೇಲೆ ಪೈಪಿನ ಕೆಲಸ ಮಾಡುವ ಆಲಂಕಾರಿನ ಪೋಕರ್ ಬಂದು, ಒತ್ತಡ ಹದದಲ್ಲಿಡುವ ರೆಗ್ಯುಲೇಟರನ್ನು ಸಾಲುಸಾಲಿಗೂ ಕೂರಿಸಿ ಹೋಗಿದ್ದ.

“ಕೆಲಸ ಮಾಡಿಸಲಿಲ್ಲವಾ ಹಾಗಾದ್ರೆ?” ಎಂದು ತ್ರೇಸ್ಯಾಮ್ಮ ಗಂಡನನ್ನು ಕೇಳಿದಳು.

“ಮಾಡಿಸದೆ ಎಂತ? ಬನ್ನಿ, ಇಬ್ಬರೂ ನೋಡಿ.” ವರ್ಗೀಸನ ದನಿ ಏರಿತ್ತು. ಶೀಲಾವತಿಯ ಕೈ ಸರಿಸಿ ಮೋಟಾರು ಹಾಕಿದ. ತಗ್ಗಿನ ಸಾಲಿನ ಒತ್ತಡ ತೋರುವ ಗೇಜಿನಲ್ಲಿ ಮುಳ್ಳು ನಡುಗಿ ಒಂದರ ಹತ್ತಿರ ನಿಂತಿತು. “ಮೊದಲು ಇಲ್ಲಿ ಮೂರು ದಾಟ್ತಿತ್ತು. ಈಗ ಮೇಲೆ ಹೋಗಿ ನೋಡಿದ್ರೂ ಇಷ್ಟೇ.”

ಅವನು ಹೇಳಿದ್ದು ನಿಜ. ಪ್ರತಿ ಗಿಡದ ಬುಡದಲ್ಲೂ ಡ್ರಿಪ್ಪರು ಸಮನಾಗಿ ತೊಟ್ಟಿಕ್ಕುತ್ತಿತ್ತು. ಎಲ್ಲೂ ಸೋರಿಕೆ ಇರಲಿಲ್ಲ. ಶೀಲಾವತಿ ಬಗ್ಗಿ ಕಣಿಯ ಮಣ್ಣು ಮುಟ್ಟಿದಳು. ಬೆರಳಿಗೆ ಪುಡಿ ಹತ್ತಿತು.

“ಮೊದಲು ಈ ಕಣಿಯಲ್ಲಿ ಹರಿದು ದಂಡ ಆಗ್ತಿದ್ದ ನೀರಾದ್ರೂ ನನ್ನ ಬಾವಿಗೆ ಬರ್ತಿತ್ತು,” ಎಂದಳು. “ಈಗ ಅದೂ ಇಲ್ಲ. ನೀವು ಉಳಿಸಿದ ನೀರು ಎಲ್ಲಿ ಉಂಟು ವರ್ಗೀಸಣ್ಣ?”

“ಬಿಸಿಲು ನೋಡಿ. ತೋಡೇ ಬತ್ತುತ್ತಾ ಉಂಟು.”

ಅವನು ಅವಳ ಮುಖ ನೋಡದೆ ಹೇಳಿದ. ತ್ರೇಸ್ಯಾಮ್ಮ ಮಾತ್ರ ಗಂಡನನ್ನೇ ನೋಡುತ್ತಿದ್ದಳು. ತೋಟದ ಕೊನೆಯ ಸಾಲು ದಾಟಿ ಒಂದು ಕಪ್ಪು ಪೈಪು ತರಗೆಲೆಯ ಅಡಿಯಲ್ಲಿ ಗುಡ್ಡ ಏರಿದ್ದು ಅವಳ ಕಣ್ಣಿಗೆ ಬಿತ್ತು. “ಅದು ಎಲ್ಲಿಗೆ?”

“ಮೇಲೆ ನಾಲ್ಕು ಮರಗೆಣಸು ಉಂಟಲ್ಲ.”

ತ್ರೇಸ್ಯಾಮ್ಮ ಪೈಪಿನ ಜಾಡು ಹಿಡಿದು ಹೊರಟಳು. ಶೀಲಾವತಿ ಹಿಂಬಾಲಿಸಿದಳು. ನೆತ್ತಿಯಲ್ಲಿ, ಕಳೆದ ವರ್ಷ ಬರೀ ಮುಳ್ಳಿನ ಪೊದೆಯಿದ್ದ ಜಾಗದಲ್ಲಿ, ರಂಬುಟಾನ್ ಹಣ್ಣಿನ ಕಸಿ ಗಿಡಗಳು ಸಾಲಾಗಿ ನಿಂತಿದ್ದವು. ಒಂದೊಂದಕ್ಕೂ ಕೋಲಿನ ಆಸರೆ. ಒಂದೊಂದರ ಬುಡದಲ್ಲೂ ಹನಿ. ಎಳೆ ಚಿಗುರು ಕೆಂಪಗೆ ಹೊಳೆಯುತ್ತಿತ್ತು.

ವರ್ಗೀಸ್ ಏದುಸಿರು ಬಿಡುತ್ತ ಹತ್ತಿ ಬಂದ. “ಮೋಟಾರು ಮೊದಲಿನಷ್ಟೇ ಹೊತ್ತು ಓಡುದು. ತೋಡಿನಿಂದ ಒಂದು ಚೆಂಬು ಹೆಚ್ಚು ತೆಗಿಲಿಲ್ಲ ನಾನು. ಇದು ನಾನು ಉಳಿಸಿದ ನೀರು.”

“ಅದನ್ನು ನಾನು ಇವರಿಗೆ ಕೊಟ್ಟಾಗಿತ್ತು,” ಎಂದಳು ತ್ರೇಸ್ಯಾಮ್ಮ.

ಅವಳು ಬಗ್ಗಿ ವಾಲ್ವಿನ ಹಿಡಿಗೆ ಕೈ ಹಾಕಿದಳು. ವರ್ಗೀಸ್ ಕುಕ್ಕರಿಸಿ ಅವಳ ಕೈಯ ಮೇಲೆ ತನ್ನ ಕೈ ಒತ್ತಿ ಹಿಡಿದ. “ಎಪ್ರಿಲ್ ತಿಂಗಳು. ಈಗ ನೀರು ನಿಲ್ಲಿಸಿದ್ರೆ ಒಂದೂ ಉಳಿಯುದಿಲ್ಲ.” ಅವಳು ಎಳೆದಳು. ಅವನು ಬಿಡಲಿಲ್ಲ.

ತ್ರೇಸ್ಯಾಮ್ಮ ದನಿ ತಗ್ಗಿಸಿ ಮನೆಯ ಮಲಯಾಳದಲ್ಲಿ ಹೇಳಿದಳು: “ಕೈ ತೆಗೆಯಿರಿ. ಇಲ್ಲದಿದ್ದರೆ ಆ ಬಾಣಂತಿ ಹುಡುಗಿಯ ಹತ್ತಿರ ಹೋಗಿ, ನನ್ನ ಹೆಂಡತಿ ಹೇಳಿದ್ದು ಸುಳ್ಳು ಅಂತ ನೀವೇ ಹೇಳಿ ಬನ್ನಿ.”

ಶೀಲಾವತಿಗೆ ಮಲಯಾಳ ಚೆನ್ನಾಗಿ ಬರುತ್ತಿತ್ತು. ಆದರೂ ಕೇಳಿಸದವಳಂತೆ ಎದುರು ಗುಡ್ಡದ ಕಡೆ ಮುಖ ತಿರುಗಿಸಿದಳು. ಬಹಳ ಹೊತ್ತಿನ ಮೇಲೆ ವರ್ಗೀಸನ ಕೈ ಸಡಿಲಾಯಿತು. ವಾಲ್ವ್ ತಿರುಗಿದ ಸದ್ದಾಯಿತು. ಸಾಲಿನ ತುದಿಯ ಗಿಡದ ಬುಡದಲ್ಲಿ ಹನಿ ನಿಧಾನವಾಗುತ್ತ ನಿಂತೇ ಹೋಯಿತು.

ಅಂದಿನಿಂದ ಮೋಟಾರು ಬೇಗ ನಿಲ್ಲತೊಡಗಿತು. ಶೀಲಾವತಿಯ ಬಾವಿಯಲ್ಲಿ ಮೊದಲು ಕೆಸರು ತಳಕ್ಕಿಳಿಯಿತು, ಆಮೇಲೆ ನೀರು ಮೆಲ್ಲಗೆ ಏರಿತು. ವರ್ಗೀಸ್, ಹೆಂಡತಿ ಬಡಿಸಿದ್ದನ್ನು ಉಂಡು ತಟ್ಟೆ ಸರಿಸಿ ಏಳುತ್ತಿದ್ದ. ಗುಡ್ಡದ ಕಡೆ ತಲೆಯೆತ್ತುತ್ತಿರಲಿಲ್ಲ.

ಕೊನೆಗೊಂದು ಸಂಜೆ ತಡೆಯಲಾಗಲಿಲ್ಲ. ತೋಡಿಗಿಳಿದು ಕೊಡಪಾನ ತುಂಬಿಸಿ, ಹೆಗಲ ಮೇಲಿಟ್ಟು ಗುಡ್ಡ ಹತ್ತಿದ. ತುಳುಕಿದ ನೀರು ಬೆನ್ನಿಗಿಳಿದು ಅಂಗಿ ಒದ್ದೆಯಾಗಿತ್ತು. ಮೇಲೆ ಎಲ್ಲ ಗಿಡಗಳ ಎಲೆಯೂ ಸುರುಟಿತ್ತು. ಮೊದಲಿನ ಗಿಡದ ಬುಡಕ್ಕೆ ಕೊಡಪಾನ ಬಾಗಿಸಹೋಗಿ ನಿಲ್ಲಿಸಿದ, ಪಕ್ಕದ್ದನ್ನು ನೋಡಿದ, ಅದರಾಚೆಯದನ್ನು ನೋಡಿದ. ಕೆಳಗೆ ಶೀಲಾವತಿಯ ಬಾವಿಯ ರಾಟೆ ತಿರುಗುವ ಸದ್ದು ಕೇಳುತ್ತಿತ್ತು. ತುಂಬಿದ ಕೊಡಪಾನ ಹಿಡಿದುಕೊಂಡು, ಯಾವುದಕ್ಕೆ ಎರೆಯುವುದೆಂದು ತಿಳಿಯದೆ, ವರ್ಗೀಸ್ ಸಾಲಿನ ನಡುವೆ ನಿಂತೇ ಇದ್ದ.