ಎರಡು ದಿನದ ಕಾವು

ಬಿ.ಎಸ್ಸಿ. ಕೊನೆಯ ವರ್ಷದ ಪ್ರಾಣಿಶಾಸ್ತ್ರದ ಪ್ರಾಕ್ಟಿಕಲ್. ಎರಡು ದಿನ ಕಾವಿನಲ್ಲಿಟ್ಟ ಕೋಳಿಮೊಟ್ಟೆಯ ಚಿಪ್ಪಿನಲ್ಲಿ ಪುಟ್ಟ ಕಿಟಕಿ ಕೊರೆದರೆ, ಒಳಗೆ ಸಾಸಿವೆಕಾಳಿನಷ್ಟು ಹೃದಯ ಮಿಡಿಯುವುದು ಕಾಣುತ್ತದೆ. ಅದನ್ನು ನೋಡಿ ಚಿತ್ರ ಬರೆಯಬೇಕು. ಆಮೇಲೆ ಭ್ರೂಣವನ್ನು ಎತ್ತಿ, ಕೆಡದಂತೆ ಇಡುವ ಫಾರ್ಮಾಲಿನ್ ದ್ರಾವಣಕ್ಕೆ ಹಾಕಬೇಕು.

ಅಂದು ಒಬ್ಬ ಹುಡುಗಿ ಬಂದದ್ದೇ ತಡವಾಗಿ.

"ಮದ್ವೆ ಆದ್ಮೇಲೆ ನಿಂಗೆ ಟೈಮ್ ಅನ್ನೋದೇ ಇಲ್ಲ ನೋಡು," ಎಂದು ಮೇಡಂ ಗದರಿದರು.

ಅವಳು ಮೊಟ್ಟೆ ಕೊರೆದು ಲೆನ್ಸಿಗೆ ಕಣ್ಣಿಟ್ಟಳು. ಉಳಿದವರೆಲ್ಲ ಕೆಲಸ ಮುಗಿಸಿ ಕೈ ತೊಳೆದುಕೊಂಡರೂ ಅವಳು ಕಣ್ಣು ತೆಗೆಯಲಿಲ್ಲ.

"ಏನಮ್ಮ, ಕಾಣಿಸ್ತಾ?"

"ಕಾಣಿಸ್ತಿದೆ ಮೇಡಂ. ಚೆನ್ನಾಗಿ ಬಡ್ಕೊಳ್ತಿದೆ."

"ಮತ್ತಿನ್ನೇನು? ಎತ್ತಿ ಫಾರ್ಮಾಲಿನ್‌ಗೆ ಹಾಕು."

"ಚಿಪ್ಪು ಮುಚ್ಚಿ ಮತ್ತೆ ಕಾವಿಗಿಟ್ರೆ ಬದುಕಲ್ವಾ ಮೇಡಂ?"

ಹಿಂದಿನ ಬೆಂಚಿನವರು ಕಿಸಕ್ಕನೆ ನಕ್ಕರು.

"ಕ್ಯಾಂಟೀನಲ್ಲಿ ಆಮ್ಲೆಟ್ ತಿನ್ನೋವಾಗ ಇಲ್ದಿರೋ ಕನಿಕರ ಈಗೆಲ್ಲಿಂದ ಬಂತು?" ಎನ್ನುತ್ತ ಮೇಡಂ ಚಿಮುಟವನ್ನು ಅವಳ ಕೈಗೆ ತುರುಕಿದರು. ಅವಳು ಅದನ್ನು ಮೇಜಿನ ಮೇಲಿಟ್ಟು, ಮೊಟ್ಟೆ ತಣ್ಣಗಾಗದಂತೆ ಎರಡೂ ಅಂಗೈಗಳಲ್ಲಿ ಬಳಸಿ ಹಿಡಿದುಕೊಂಡಳು.

ಮೇಡಂಗೆ ರೇಗಿಹೋಯಿತು. "ಅರ್ಧ ಗಂಟೆಯಿಂದ ನೋಡ್ತಾನೇ ಇದ್ದೀಯಲ್ಲ, ಒಂದು ಹೃದಯಾನ ಎಷ್ಟು ಹೊತ್ತು ನೋಡ್ಬೇಕು?"

"ಬೆಳಿಗ್ಗೆ ಸ್ಕ್ಯಾನಿಂಗ್‌ನಲ್ಲಿ ಡಾಕ್ಟ್ರೂ ಇಷ್ಟೇ ಹೊತ್ತು ಹುಡುಕಿದ್ರು ಮೇಡಂ. ನನ್ ಮಗೂದು ಸಿಗ್ಲೇ ಇಲ್ಲ."