ಮೈ ಹಗುರಾದ ತಿಂಗಳು

ಮಗಳನ್ನು ಸ್ಕೂಲಿಗೆ ಕಳಿಸಿ ಅಡುಗೆಮನೆಗೆ ಬಂದವಳಿಗೆ ಹಿತ್ತಲಿನ ಶೆಡ್ಡಿನಿಂದ ಕೀಸುಳಿಯ ಸದ್ದು ಕೇಳಿತು. ಒಲೆ ಆರಿಸುವುದನ್ನೂ ಮರೆತು ಓಡಿದಳು. ಅವಳ ಗಂಡ, ಮೂರು ವರ್ಷದಿಂದ ಮಂಚ ಬಿಟ್ಟು ಕದಲದಿದ್ದ ಬಡಗಿ, ಹಲಗೆಯೊಂದನ್ನು ನಯಮಾಡುತ್ತ ನಿಂತಿದ್ದ. ಕಾಲಬುಡದಲ್ಲಿ ಮರದ ಸುರುಳಿಗಳು ಬಿದ್ದಿದ್ದವು.

"ಅಯ್ಯೋ, ಯಾರನ್ನ ಕೇಳಿ ಎದ್ರಿ?"

"ಮೈ ಹಗುರಾಗಿದೆ ಕಣೇ. ನಿಜವಾಗ್ಲೂ. ಮಂಚದಿಂದ ಇಲ್ಲೀವರೆಗೂ ಬಂದೆ, ಮಧ್ಯೆ ಎಲ್ಲೂ ಕೂರಲೇ ಇಲ್ಲ."

ಅವಳು ಬಾಗಿಲಿಗೆ ಒರಗಿ ಅತ್ತುಬಿಟ್ಟಳು.

ಮೂರು ವರ್ಷದ ಹಿಂದೆ ಬಂದಿದ್ದ ಜ್ವರ ವಾರದಲ್ಲೇ ಬಿಟ್ಟಿತ್ತು. ಅದರ ಬೆನ್ನಿಗೆ ಬಂದ ಸುಸ್ತು ಮಾತ್ರ ಬಿಟ್ಟಿರಲಿಲ್ಲ. ಸ್ನಾನ ಮಾಡಿ ಬಂದರೆ ಅರ್ಧ ದಿನ ಮಲಗಬೇಕು. ಅಂಗಿಯ ಗುಂಡಿ ಹಾಕುವಷ್ಟರಲ್ಲಿ ಕೈ ಸೋಲುತ್ತಿತ್ತು. ಮಾಡಿಸಿದ ಪರೀಕ್ಷೆಗಳಲ್ಲೆಲ್ಲ ಏನೂ ಸಿಗಲಿಲ್ಲ. ನೋಡಲು ಬಂದ ಭಾವಮೈದುನ, "ಸುಸ್ತಂತೆ! ನಮಗೇನು ಸುಸ್ತಾಗಲ್ವಾ?" ಎಂದು ನಕ್ಕು ಹೋದ. ಕೊನೆಗೆ ದೊಡ್ಡ ಆಸ್ಪತ್ರೆಯ ಡಾಕ್ಟರೊಬ್ಬರು ಇದು ನಿಜವಾದ ಕಾಯಿಲೆಯೇ ಎಂದರು. ಹೊಸ ಇಂಜೆಕ್ಷನ್ ಇದೆ, ತುಂಬಾ ದುಬಾರಿ, ಗುಣವಾಗಿಯೇ ಆಗುತ್ತದೆಂದು ಮಾತು ಕೊಡಲಾರೆ ಎಂದೂ ಹೇಳಿದರು. ಊರಿನವರಿಗೆಲ್ಲ ಬಾಗಿಲು ಮಾಡಿಕೊಟ್ಟವನು, ತನ್ನ ಮನೆಗೆಂದು ಕೊಂಡಿದ್ದ ಸೈಟನ್ನು ಮಾರಿ ಇಂಜೆಕ್ಷನ್ ಹಾಕಿಸಿಕೊಂಡ.

"ಚೇತರಿಸಿಕೊಂಡ್ರೂ ಮೈಮೇಲೆ ಹೇರಿಕೊಳ್ಬೇಡಿ. ಆಗೋದರಲ್ಲಿ ಅರ್ಧ ಮಾತ್ರ ಮಾಡಿ," ಎಂದಿದ್ದರು ಡಾಕ್ಟರು. ಬಡಗಿ ತಲೆಯಾಡಿಸಿದ್ದ. ಆದರೆ ಅವನು ಎದ್ದ ಸುದ್ದಿ ಕೇಳಿ ಅಂದೇ ಕಟ್ಟಡದ ಮೇಸ್ತ್ರಿ ಮನೆಗೇ ಬಂದು, ಬಾಗಿಲು, ಕಿಟಕಿ, ಕಪಾಟು ಎಲ್ಲವನ್ನೂ ನೀನೇ ಮಾಡಬೇಕು ಎಂದಾಗ ಬೇಡವೆನ್ನಲು ಬಾಯಿ ಬರಲಿಲ್ಲ.

"ಡಾಕ್ಟ್ರು ಹೇಳಿದ್ದು ಮರೆತ್ರಾ?" ಎಂದಳು ಹೆಂಡತಿ.

"ಅವರಿಗೇನು, ಹೇಳ್ತಾರೆ. ಇಷ್ಟು ವರ್ಷ ಬಿದ್ಕೊಂಡಿದ್ದು ಸಾಲದಾ? ಹೀಗೇ ಕೆಲಸ ಸಿಕ್ತಾ ಇದ್ರೆ ಸೈಟು ವಾಪಸ್ ತಗೋಬಹುದು."

ಸೈಟಿನ ಆಸೆ ಅವಳಿಗೂ ಹೋಗಿರಲಿಲ್ಲ. ಬುತ್ತಿ ಕಟ್ಟಿಕೊಟ್ಟಳು.

ಎರಡನೇ ಕ್ಲಾಸಿನ ಮಗಳು ಏಳುವ ಮೊದಲೇ ಅವನು ಹೊರಟಿರುತ್ತಿದ್ದ; ಬರುವಷ್ಟರಲ್ಲಿ ಅವಳಿಗೆ ನಿದ್ದೆ ಹತ್ತಿರುತ್ತಿತ್ತು. "ಸೈಕಲ್ ಕಲಿಯೋಕೆ ಅಪ್ಪನೇ ಹಿಡ್ಕೋಬೇಕಂತೆ, ಭಾನುವಾರನಾದ್ರೂ ಮನೇಲಿರ್ಬೇಕಂತೆ," ಎಂದು ಹೆಂಡತಿ ಹೇಳಿದರೆ, "ಈ ಕೆಲಸ ಮುಗೀಲಿ, ಆಮೇಲೆ ದಿನಾ ಹಿಡ್ಕೋತೀನಿ ಅನ್ನು," ಎನ್ನುತ್ತ ಚಪ್ಪಲಿ ಮೆಟ್ಟುತ್ತಿದ್ದ. ಭಾನುವಾರ ಕೆಲಸದಲ್ಲೇ ಕಳೆಯಿತು. ಅದರ ಮುಂದಿನದೂ.

ತಿಂಗಳು ಕಳೆಯುವ ಹೊತ್ತಿಗೆ, ಕಪಾಟಿಗೆ ಹಿಡಿ ಕೂರಿಸುತ್ತಿದ್ದಾಗ ಅವನ ಕೈಯಿಂದ ಸ್ಕ್ರೂಡ್ರೈವರ್ ಜಾರಿತು. ಎತ್ತಿಕೊಳ್ಳಲು ಬಗ್ಗಿದವನು ಏಳಲಿಲ್ಲ. ಕೆಲಸದವರಿಬ್ಬರು ಹೊತ್ತು ತಂದು ಮಂಚದ ಮೇಲೆ ಮಲಗಿಸಿದರು. ಡಾಕ್ಟರು ಬೈಯಲಿಲ್ಲ, ಬೈದಿದ್ದರೇ ವಾಸಿಯಿತ್ತು. "ಇನ್ನೊಮ್ಮೆ ಕೊಡಬಹುದು. ಆದರೆ ಈ ಸಲ ಹಿಡಿಯುತ್ತೆ ಅಂತ ನನಗೆ ಅನಿಸ್ತಿಲ್ಲ," ಎಂದರು. ಇನ್ನೊಮ್ಮೆ ಹಾಕಿಸಲು ಮಾರುವಂಥದ್ದೂ ಏನೂ ಉಳಿದಿರಲಿಲ್ಲ.

"ನಾನಾದ್ರೂ ಅಡ್ಡ ನಿಲ್ಬೇಕಿತ್ತು," ಎಂದಳು ಹೆಂಡತಿ, ಹೊದಿಕೆ ಸರಿಮಾಡುತ್ತ.

"ನಿಂತಿದ್ರೂ ದಾಟ್ಕೊಂಡು ಹೋಗ್ತಿದ್ದೆ ಬಿಡು," ಎಂದ. ಆಮೇಲೆ ಗೋಡೆ ಕಡೆ ತಿರುಗಿದ.

ಬೆಳಕು ಕಣ್ಣಿಗೆ ಚುಚ್ಚುತ್ತದೆಂದು ಮತ್ತೆ ಪರದೆ ಎಳೆದಿತ್ತು. ಸ್ಕೂಲಿನಿಂದ ಬಂದ ಮಗಳು ಬ್ಯಾಗನ್ನು ಸದ್ದಾಗದಂತೆ ಇಳಿಸಿ ಮಂಚದ ಅಂಚಿನಲ್ಲಿ ಕುಳಿತಳು. ಒಳಗೆ ಅವಳ ಅಮ್ಮ ಫೋನಿನಲ್ಲಿ ದೊಡ್ಡಮ್ಮನಿಗೆ ಹೇಳುತ್ತಿದ್ದಳು: "ಹೋದ ತಿಂಗಳೆಲ್ಲ ಎಷ್ಟು ಚೆನ್ನಾಗಿದ್ರು ಅಕ್ಕಾ. ಥೇಟ್ ಮೊದಲಿನ ಹಾಗೇ."

ಮಗಳು ಅದನ್ನು ಗಮನವಿಟ್ಟು ಕೇಳಿದಳು. ಆಮೇಲೆ ಬಗ್ಗಿ, ಅಪ್ಪನ ಕಿವಿಯ ಹತ್ತಿರ ಬಾಯಿ ತಂದು, ಮೆಲ್ಲಗೆ ಕೇಳಿದಳು:

"ಅಪ್ಪಾ, ನೀನು ಚೆನ್ನಾಗಿದ್ದಿದ್ದು ಯಾವಾಗ? ನಾನು ನೋಡ್ಲೇ ಇಲ್ವಲ್ಲ!"